ಲೌಂಜ್, ಲಾಯ್ಟರ್, ಲೋಫ್, ಲಿಂಗರ್: ಎಲ್ಲಕ್ಕೂ "ಕಾಲಹರಣ" ಎಂದರೆ ಸಾಕೇ?

ಅನುವಾದದ ಮೇಜು

ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಲ್ಕೇ ಪುಟದೊಳಗೆ ಯಜಮಾನ ಸೋಫಾದ ಮೇಲೆ "ಲೌಂಜ್" ಮಾಡುತ್ತಾನೆ, ಅವನ ಮಗ ಕಿಟಕಿಯ ಬಳಿ "ಲಾಲ್" ಮಾಡುತ್ತಾನೆ, ಗೇಟಿನ ಹೊರಗೆ ಒಬ್ಬ ಅಪರಿಚಿತ "ಲಾಯ್ಟರ್" ಮಾಡುತ್ತಾನೆ, ತಮ್ಮ ದಿನವಿಡೀ "ಲೋಫ್" ಮಾಡುತ್ತಾನೆ, ಬಂದ ಅತಿಥಿ ಊಟ ಮುಗಿದರೂ "ಲಿಂಗರ್" ಆಗುತ್ತಾಳೆ. ನಿಘಂಟು ತೆಗೆದರೆ ಹೆಚ್ಚುಕಡಿಮೆ ಎಲ್ಲಕ್ಕೂ ಒಂದೇ ಉತ್ತರ: ಕಾಲಹರಣ ಮಾಡು, ಸೋಮಾರಿಯಾಗಿರು. ಹಾಗೆ ಬರೆದರೆ ಐದು ಜನರೂ ಒಬ್ಬನೇ ಆಗಿಬಿಡುತ್ತಾರೆ. ಕಥೆಗಾರ ಬೇಕೆಂದೇ ಬೇರೆ ಬೇರೆ ಪದ ಬಳಸಿದ್ದಾನೆ ಎನ್ನುವುದು ಓದಿದ ಕೂಡಲೇ ಗೊತ್ತಾಗುತ್ತದೆ. ಈ ಪದಗಳ ಒಳಗಿನ ವ್ಯತ್ಯಾಸ ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ಕೂರುವ, ಒರಗುವ ಜಾಗಗಳ ಹೆಸರುಗಳಲ್ಲೂ ಇದೇ ಗೋಜಲು. ಅದನ್ನು ಆಮೇಲೆ ಕೇಳುತ್ತೇನೆ.

ಪದಬೇಟೆ

ಒಳ್ಳೆಯ ಪ್ರಶ್ನೆ ಮೇಡಂ. ನಾನು ಈ ಪದಗಳನ್ನು ನೋಡುವಾಗ ಮೂರು ಸಂಗತಿ ಕೇಳಿಕೊಳ್ಳುತ್ತೇನೆ. ಪದ ಮೈಯ ಭಂಗಿಯನ್ನು ಹೇಳುತ್ತಿದೆಯೋ? ಹೊತ್ತು ಹೋಗುವುದನ್ನು ಹೇಳುತ್ತಿದೆಯೋ? ಅಥವಾ ನೋಡುವವನ ಅಭಿಪ್ರಾಯವನ್ನು ಹೇಳುತ್ತಿದೆಯೋ?

ಲೌಂಜ್, ಲಾಲ್, ಸ್ಪ್ರಾಲ್, ಸ್ಲೌಚ್, ರಿಕ್ಲೈನ್, ಇವು ಮೊದಲು ಮೈಗೆ ಸಂಬಂಧಪಟ್ಟವು. ಲೌಂಜ್ ಮಾಡುವವನು ಅರ್ಧ ಕೂತು ಅರ್ಧ ಮಲಗಿರುತ್ತಾನೆ, ಅವನಿಗೆ ಅದು ಸುಖವಾಗಿದೆ, ಎಬ್ಬಿಸುವವರು ಯಾರೂ ಇಲ್ಲ. ಲಾಲ್‌ನಲ್ಲಿ ಅಂಗಾಂಗ ಸಡಿಲ. ತಲೆ ಒಂದು ಕಡೆ ವಾಲಿರುತ್ತದೆ, ಕೈ ಜೋತಾಡುತ್ತಿರುತ್ತದೆ. ನಾಯಿಯ ನಾಲಿಗೆ ಹೊರಗೆ ಜೋತುಬೀಳುವುದಕ್ಕೂ ಇದೇ ಕ್ರಿಯಾಪದ, ಅದನ್ನು ನೆನಪಿಟ್ಟುಕೊಂಡರೆ ಈ ಪದ ಎಂದೂ ತಪ್ಪುವುದಿಲ್ಲ. ಸ್ಪ್ರಾಲ್ ಎಂದರೆ ಕೈಕಾಲು ನಾಲ್ಕು ದಿಕ್ಕಿಗೆ ಚೆಲ್ಲಿ ಬೀಳುವುದು. ಸ್ಲೌಚ್‌ನಲ್ಲಿ ಬೆನ್ನು ಗೂನಾಗುತ್ತದೆ, ಭುಜ ಮುಂದಕ್ಕೆ ಬೀಳುತ್ತದೆ. ಮಕ್ಕಳಿಗೆ "ನೆಟ್ಟಗೆ ಕೂತ್ಕೋ" ಎಂದು ಗದರಿಸುವುದು ಇದಕ್ಕೇ. ರಿಕ್ಲೈನ್ ಸಭ್ಯ ಪದ, ಬೇಕೆಂದೇ ಹಿಂದಕ್ಕೆ ಒರಗುವುದು.

ಲಿಂಗರ್, ಡಾಡಲ್ ಇವು ಹೊತ್ತಿನವು. ಲಿಂಗರ್‌ನ ನೆಂಟ "ಲಾಂಗ್", ಅಂದರೆ ಉದ್ದ, ದೀರ್ಘ. ಹೋಗಬೇಕು, ಆದರೆ ಹೊರಡಲು ಕಾಲೇಳುವುದಿಲ್ಲ. ಹೂವಿನ ಘಮ ಲಿಂಗರ್ ಆಗುತ್ತದೆ, ಬೇಗ ವಾಸಿಯಾಗದ ಕಾಯಿಲೆಯೂ ಲಿಂಗರ್ ಆಗುತ್ತದೆ. ಪದದೊಳಗೆ ಬೈಗುಳವಿಲ್ಲ. ಡಾಡಲ್‌ನಲ್ಲಿ ಸ್ವಲ್ಪ ಇದೆ: ಮಾಡಬೇಕಾದ ಕೆಲಸವೊಂದು ಕಾಯುತ್ತಿದೆ, ಇವನು ಆಮೆಯಂತೆ ಸಾಗುತ್ತಿದ್ದಾನೆ. ಹತ್ತಿರದ ಇನ್ನೊಂದು "ಶಿಲ್ಲಿ–ಶ್ಯಾಲಿ". "ಶಲ್ ಐ, ಶಲ್ ಐ" ಎಂದು ತನ್ನನ್ನೇ ಕೇಳಿಕೊಳ್ಳುವುದರಿಂದ ಹುಟ್ಟಿದ್ದು. ನಮ್ಮ "ಮೀನಮೇಷ ಎಣಿಸು" ಅದಕ್ಕೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಹೊಂದುತ್ತದೆ.

ಲಾಯ್ಟರ್, ಲೋಫ್, ಐಡಲ್ ಮೂರನೆಯ ಗುಂಪು. ಅಲ್ಲಿ ಕೂತವನಿಗಿಂತ ನೋಡುವವನ ಕಣ್ಣೇ ಹೆಚ್ಚು ಮಾತಾಡುತ್ತದೆ. ಅದರ ಬಗ್ಗೆ ಬೇರೆಯವರು ಬರೆಯಲಿ, ಇಲ್ಲಿ ಕಾನೂನು ಓದಿದವರೊಬ್ಬರಿದ್ದಾರೆ.

ಹೊಸಬ

ಲೋಫ್ ಅಂದ್ರೆ ಬ್ರೆಡ್ಡಿನ ಉಂಡೆ ಅಲ್ವಾ? ಅದಕ್ಕೂ ಸೋಮಾರಿತನಕ್ಕೂ ಏನು ಸಂಬಂಧ?

ಹಳೇ ಪುಸ್ತಕದಂಗಡಿ

ಸಂಬಂಧವಿಲ್ಲ. ಎರಡು ಬೇರೆ ಬೇರೆ ಪದ, ಉಚ್ಚಾರ, ಕಾಗುಣಿತ ಮಾತ್ರ ಒಂದೇ.

ರೊಟ್ಟಿಯ ಲೋಫ್ ತುಂಬ ಹಳೆಯದು. ಹಳೆಯ ಇಂಗ್ಲಿಷಿನಲ್ಲಿ ಅದು "ಹ್ಲಾಫ್". ಅದರಿಂದಲೇ "ಲಾರ್ಡ್" ಬಂದದ್ದು: ಹ್ಲಾಫ್–ವಿಯರ್ಡ್, ರೊಟ್ಟಿ ಕಾಯುವವನು. "ಲೇಡಿ"ಯ ಮೊದಲ ಅರ್ಧದಲ್ಲೂ ಅದೇ ರೊಟ್ಟಿಯಿದೆ. ಸೋಮಾರಿಯ ಲೋಫ್ ತೀರಾ ಈಚಿನದು, 1830ರ ದಶಕದ ಅಮೆರಿಕದ್ದು. ಅದರಲ್ಲೂ ಮೊದಲು ಹುಟ್ಟಿದ್ದು "ಲೋಫರ್" ಎಂಬ ನಾಮಪದ, ಅದರ ಬಾಲ ಕತ್ತರಿಸಿ "ಲೋಫ್" ಎಂಬ ಕ್ರಿಯಾಪದ ಮಾಡಿಕೊಂಡರು. ಊರೂರು ಅಲೆಯುವವನು ಎಂಬ ಅರ್ಥದ ಜರ್ಮನ್ "ಲಾಂಡ್‌ಲಾಯ್ಫರ್" ಇದರ ಹಿಂದಿರಬಹುದು ಎನ್ನುವುದು ವಿದ್ವಾಂಸರ ಊಹೆ.

ಕನ್ನಡದಲ್ಲಿ ಲೋಫರ್ ಎಂದರೆ ಬರೀ ಬೈಗುಳ. ಸಿಟ್ಟು ಬಂದಾಗ ಬಾಯಿಗೆ ಬರುವ ಪದ, ಅದರಲ್ಲಿ ನಡತೆಗೆಟ್ಟವ ಎಂಬ ಅರ್ಥವೂ ಸೇರಿಹೋಗಿದೆ. ಇಂಗ್ಲಿಷಿನಲ್ಲಿ ಅಷ್ಟು ಖಾರವಿಲ್ಲ. ಕೆಲಸವಿಲ್ಲದೆ ಬಿದ್ದಿರುವವನು, ಅಷ್ಟೇ. ಆದ್ದರಿಂದ ಮೇಡಂ, ಕಥೆಯಲ್ಲಿ ತಮ್ಮನನ್ನು "ಲೋಫರ್" ಎಂದೇ ಉಳಿಸಿದರೆ ಓದುಗರು ಅವನನ್ನು ಕೆಟ್ಟವನೆಂದು ತಿಳಿಯುತ್ತಾರೆ. ಉಂಡಾಡಿ ಎನ್ನಿ. ಪದದಲ್ಲಿ ಸ್ವಲ್ಪ ಸಲುಗೆಯೂ ಇದೆ, ಸ್ವಲ್ಪ ಬೇಸರವೂ ಇದೆ.

ಇನ್ನೊಂದು ಮಾತು. ಈ ಪದವನ್ನು ಹೆಮ್ಮೆಯಿಂದ ಹೊತ್ತು ನಡೆದವರೂ ಇದ್ದಾರೆ. ವಾಲ್ಟ್ ವಿಟ್‌ಮನ್ 1855ರಲ್ಲಿ ಹೊರತಂದ ಕವನ ಸಂಕಲನದ ಮೊದಲ ಕವಿತೆಯ ಆರಂಭದಲ್ಲೇ ತಾನು ಲೋಫ್ ಮಾಡುತ್ತಾ ತನ್ನ ಆತ್ಮವನ್ನು ಬಳಿಗೆ ಕರೆಯುತ್ತೇನೆ ಎಂದ. ಪದ ಹುಟ್ಟಿ ಎರಡು ಮೂರು ದಶಕವೂ ಆಗಿರಲಿಲ್ಲ, ಬೀದಿಯ ಮಾತು. ಅದನ್ನು ಆತ್ಮದ ಪಕ್ಕದಲ್ಲಿ ಕೂರಿಸಿದ. ನನಗೆ ಅದು ಈಗಲೂ ದೊಡ್ಡ ಧೈರ್ಯವಾಗಿ ಕಾಣುತ್ತದೆ.

ಕಲಮು ಮತ್ತು ಕಾನೂನು

ಪದಬೇಟೆಯವರು ನನ್ನನ್ನೇ ಕರೆದಂತಿದೆ, ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ಲಾಯ್ಟರ್ ಪದದ ಮೂಲ ಮಧ್ಯಕಾಲದ ಡಚ್ ಇರಬೇಕು, "ಲೋಟರೆನ್" ಎಂದರೆ ಅಲ್ಲಾಡು, ಸಡಿಲವಾಗಿರು. ಹಲ್ಲು ಅಲ್ಲಾಡುವ ಹಾಗೆ. ಅಲ್ಲಿ ಅಪರಾಧವೇನೂ ಇಲ್ಲ. ಆದರೆ ಇಂದು ಇಂಗ್ಲಿಷ್ ಮಾತಾಡುವ ದೇಶಗಳಲ್ಲಿ ಗೋಡೆಯ ಮೇಲೆ "ನೋ ಲಾಯ್ಟರಿಂಗ್" ಎಂಬ ಫಲಕ ಕಾಣುತ್ತದೆ. "ನೋ ಲೌಂಜಿಂಗ್" ಎಂಬ ಫಲಕ ಅಷ್ಟಾಗಿ ಕಾಣುವುದಿಲ್ಲ. ಇಬ್ಬರೂ ಮಾಡುತ್ತಿರುವುದು ಒಂದೇ, ಏನನ್ನೂ ಮಾಡದೆ ಒಂದು ಕಡೆ ಇರುವುದು. ಒಬ್ಬನಿಗೆ ಸೋಫಾ ಇದೆ, ಇನ್ನೊಬ್ಬನಿಗೆ ಇಲ್ಲ.

ಅಮೆರಿಕದ ಎರಡು ತೀರ್ಪುಗಳನ್ನು ನೋಡಿ. ಫ್ಲಾರಿಡಾದ ಜಾಕ್ಸನ್‌ವಿಲ್ ನಗರದಲ್ಲಿ ಒಂದು ಅಲೆಮಾರಿ ನಿಯಮವಿತ್ತು. ಯಾರ್ಯಾರನ್ನು ಹಿಡಿಯಬಹುದು ಎಂಬ ಪಟ್ಟಿಯಲ್ಲಿ "ಹ್ಯಾಬಿಚುಯಲ್ ಲೋಫರ್ಸ್", ಅಂದರೆ ಅಭ್ಯಾಸಬಲದ ಉಂಡಾಡಿಗಳು, ನೇರವಾಗಿ ಹೆಸರಿಸಲ್ಪಟ್ಟಿದ್ದರು. ನ್ಯಾಯಯುತ ಉದ್ದೇಶವಿಲ್ಲದೆ ಜಾಗದಿಂದ ಜಾಗಕ್ಕೆ ಅಡ್ಡಾಡುವವರೂ ಅದರಲ್ಲಿದ್ದರು. 1972ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸ್ಪಷ್ಟ ಎಂದು ರದ್ದು ಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ವಿಲಿಯಂ ಡಗ್ಲಸ್. ಮೇಲೆ ಹೇಳಿದ ವಿಟ್‌ಮನ್‌ನ ಹೆಸರು ಆ ತೀರ್ಪಿನಲ್ಲೇ ಬರುತ್ತದೆ. ಗುರಿಯಿಲ್ಲದೆ ನಡೆಯುವುದನ್ನು ಹಾಡಿ ಹೊಗಳಿದ ಕವಿಗಳ ದೇಶದಲ್ಲಿ ಅದೇ ನಡಿಗೆ ಹೇಗೆ ಅಪರಾಧವಾದೀತು ಎಂಬುದು ಅವರ ವಾದದ ಒಂದು ಎಳೆ.

ಎರಡನೆಯದು ಶಿಕಾಗೊ. ಗ್ಯಾಂಗುಗಳ ಹಾವಳಿ ತಡೆಯಲು ನಗರ 1992ರಲ್ಲಿ ಒಂದು ನಿಯಮ ತಂದಿತು. ಅದರಲ್ಲಿ ಲಾಯ್ಟರ್ ಪದಕ್ಕೆ ಕೊಟ್ಟ ಅರ್ಥ: ಕಣ್ಣಿಗೆ ಕಾಣುವ ಉದ್ದೇಶವಿಲ್ಲದೆ ಒಂದೇ ಜಾಗದಲ್ಲಿ ಉಳಿಯುವುದು. ಗ್ಯಾಂಗಿನವನೆಂದು ಪೊಲೀಸರಿಗೆ ಅನ್ನಿಸಿದ ಒಬ್ಬ ಗುಂಪಿನಲ್ಲಿದ್ದರೆ ಸಾಕು, ಗುಂಪಿಗೆ ಗುಂಪೇ ಚದುರಬೇಕು, ಚದುರದಿದ್ದರೆ ಬಂಧನ. ಮೂರು ವರ್ಷದಲ್ಲಿ 89,000ಕ್ಕೂ ಹೆಚ್ಚು ಸಲ ಚದುರುವ ಆದೇಶ ಕೊಟ್ಟರು, 42,000ಕ್ಕೂ ಹೆಚ್ಚು ಜನರನ್ನು ಹಿಡಿದರು. 1999ರಲ್ಲಿ ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಇದನ್ನೂ ತಳ್ಳಿಹಾಕಿತು.

"ಕಣ್ಣಿಗೆ ಕಾಣುವ ಉದ್ದೇಶ" ಎಂಬ ಮಾತನ್ನು ಹಿಡಿದುಕೊಳ್ಳಿ. ಕಾಣಬೇಕಾದದ್ದು ಯಾರ ಕಣ್ಣಿಗೆ? ಗೆಳೆಯನಿಗಾಗಿ ಕಾಯುತ್ತಿರುವವನ ಉದ್ದೇಶ ಅವನ ಮನಸ್ಸಿನಲ್ಲಿದೆ. ಇಡೀ ಪದ ನಿಂತಿರುವುದೇ ನೋಡುವವನ ಮೇಲೆ. ಕಥೆಯಲ್ಲಿ ಗೇಟಿನ ಹೊರಗೆ ನಿಂತವನು ನಿಜವಾಗಿ ಏನು ಮಾಡುತ್ತಿದ್ದಾನೆ ಎನ್ನುವುದು ಮುಖ್ಯವಲ್ಲ ಮೇಡಂ. ಅವನನ್ನು ಯಾರು ನೋಡುತ್ತಿದ್ದಾರೆ, ಅದನ್ನು ನೋಡಿ ಪದ ಆರಿಸಿ.

ತಿಳಿಗೊಳ

ಕಾನೂನಿನವರು ಹೇಳಿದ್ದು ಸರಿ, ಆದರೆ ಪೂರ್ತಿ ಒಪ್ಪಲಾರೆ. ಲಾಯ್ಟರ್ ಎಲ್ಲ ಕಡೆಯೂ ಅನುಮಾನದ ಪದವಲ್ಲ. ಹತ್ತೊಂಬತ್ತನೇ ಶತಮಾನದ ಗದ್ಯದಲ್ಲಿ ತೋಟದಲ್ಲಿ, ಹೊಳೆಯ ದಂಡೆಯಲ್ಲಿ ಜನ ಸುಖವಾಗಿ ಲಾಯ್ಟರ್ ಮಾಡುತ್ತಾರೆ. ಅಲ್ಲಿ ಅದು ನಿಧಾನವಾಗಿ, ನಿಂತು ನಿಂತು ಸಾಗುವುದು. ಎಲ್ಲ ಪದವನ್ನೂ ನ್ಯಾಯಾಲಯದ ಕಟಕಟೆಯಲ್ಲಿ ನಿಲ್ಲಿಸಿದರೆ ಹಳೆಯ ಕಥೆಗಳು ಹಾಳಾಗುತ್ತವೆ.

ಕಲಮು ಮತ್ತು ಕಾನೂನು

ಹಳೆಯ ಗದ್ಯದ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ ಸರ್. ಆದರೆ ನೀವು ಕೊಟ್ಟ ಜಾಗಗಳನ್ನೇ ನೋಡಿ, ತೋಟ, ಹೊಳೆದಂಡೆ. ಅದೇ ವ್ಯಕ್ತಿ ಯಾರದೋ ಬಾಗಿಲ ಮುಂದೆ ನಿಂತರೆ ಅದೇ ಲೇಖಕ ಅದೇ ಪದವನ್ನು ಬೇರೆ ದನಿಯಲ್ಲಿ ಹೇಳುತ್ತಾನೆ. ಇಂಗ್ಲೆಂಡಿನ 1824ರ ಅಲೆಮಾರಿ ಕಾಯ್ದೆ ಜನರನ್ನು ಮೂರು ದರ್ಜೆಯಾಗಿ ವಿಂಗಡಿಸಿತು. ಅದರ ಮೊದಲ ದರ್ಜೆಯ ಹೆಸರೇ "ಐಡಲ್ ಅಂಡ್ ಡಿಸಾರ್ಡರ್ಲಿ", ಅಂದರೆ ಕೆಲಸಗೇಡಿಗಳು, ಶಿಸ್ತುಗೇಡಿಗಳು. ನೆಪೋಲಿಯನ್ ಯುದ್ಧ ಮುಗಿದು, ಕೆಲಸವೂ ಸೂರೂ ಇಲ್ಲದ ಸೈನಿಕರು ಬೀದಿಯಲ್ಲಿದ್ದ ಕಾಲ. ಅದೇ ಕಾಲದಲ್ಲಿ ಶ್ರೀಮಂತರ ಮನೆಯ ಗಂಡುಮಕ್ಕಳು ಏನೂ ಮಾಡದೆ ಇದ್ದರೆ ಅವರು "ಜಂಟಲ್‌ಮನ್ ಆಫ್ ಲೀಷರ್".

ಗಡಿಯಾರದ ಮುಳ್ಳು

ಐಡಲ್ ಬಗ್ಗೆ ನಾನು ಹೇಳುತ್ತೇನೆ, ನನಗೆ ತುಂಬ ಪ್ರಿಯವಾದ ಪದ.

ಅದರ ಮೂಲ ಅರ್ಥ ಸೋಮಾರಿ ಅಲ್ಲ, ಖಾಲಿ. ಸುಮಾರು ಸಾವಿರ ವರ್ಷದ ಹಿಂದೆ ಆಲ್ಫ್ರಿಕ್ ಎಂಬ ಸನ್ಯಾಸಿ ಬೈಬಲ್ಲಿನ ಸೃಷ್ಟಿಕಥೆಯನ್ನು ಇಂಗ್ಲಿಷಿಗೆ ತಂದಾಗ, ಭೂಮಿ ಮೊದಲು ಬರಿದಾಗಿತ್ತು ಎಂಬಲ್ಲಿ "ಐಡಲ್" ಪದವನ್ನೇ ಬಳಸಿದ. ಜರ್ಮನ್ನಿನ "ಐಟೆಲ್" ಇದರ ಒಡಹುಟ್ಟು, ಇಂದು ಅದಕ್ಕೆ ಒಣಜಂಬ ಎಂಬ ಅರ್ಥ. ಈ ಖಾಲಿತನ ಹಿಡಿದರೆ ಇಂಗ್ಲಿಷಿನ ಎಷ್ಟೋ ಪ್ರಯೋಗ ತಾನಾಗಿ ತೆರೆದುಕೊಳ್ಳುತ್ತದೆ. "ಐಡಲ್ ಥ್ರೆಟ್" ಎಂದರೆ ಸೋಮಾರಿ ಬೆದರಿಕೆಯಲ್ಲ, ಹುರುಳಿಲ್ಲದ ಬೆದರಿಕೆ. "ಐಡಲ್ ಟಾಕ್" ಎಂದರೆ ಕಾಡುಹರಟೆ. ಯಂತ್ರ ಐಡಲ್ ಆಗಿದೆ ಎಂದರೆ ನಿಂತಿದೆ, ಆದರೆ ಕಾರಿನ ಎಂಜಿನ್ ಐಡಲ್ ಆಗಿದೆ ಎಂದರೆ ಓಡುತ್ತಲೇ ಇದೆ, ಗಾಡಿ ಮಾತ್ರ ಸಾಗುತ್ತಿಲ್ಲ. ಈ ಕೊನೆಯ ಅರ್ಥ ಇಪ್ಪತ್ತನೇ ಶತಮಾನದ್ದು. ಅದಕ್ಕೂ ಈಗ ದಂಡವಿದೆ. ನ್ಯೂಯಾರ್ಕ್ ನಗರದಲ್ಲಿ ನಿಂತ ಗಾಡಿಯ ಎಂಜಿನ್ ಮೂರು ನಿಮಿಷಕ್ಕಿಂತ ಹೆಚ್ಚು ಐಡಲ್ ಆಗಕೂಡದು, ಶಾಲೆಯ ಬಳಿಯಾದರೆ ಒಂದೇ ನಿಮಿಷ.

ಸ್ಯಾಮುಯೆಲ್ ಜಾನ್ಸನ್ ಗೊತ್ತಲ್ಲ, ನಿಘಂಟು ಮಾಡಿದವರು. ಅವರು 1758ರಿಂದ 1760ರವರೆಗೆ ವಾರಕ್ಕೊಂದರಂತೆ ಬರೆದ ಪ್ರಬಂಧಮಾಲೆಗೆ ಇಟ್ಟ ಹೆಸರು "ದಿ ಐಡ್ಲರ್". ಒಬ್ಬರೇ ಕೂತು ಇಡೀ ಭಾಷೆಯ ಪದಗಳಿಗೆ ಅರ್ಥ ಬರೆದ ಮನುಷ್ಯ ತನ್ನನ್ನು ಕೆಲಸವಿಲ್ಲದವನೆಂದು ಕರೆದುಕೊಂಡ. ಬರೆಯುವವನಿಗೆ ಖಾಲಿ ಹೊತ್ತು ಎಷ್ಟು ಬೇಕು ಎನ್ನುವುದು ಅವರಿಗೆ ಗೊತ್ತಿತ್ತು ಎಂದೇ ನಾನು ನಂಬುತ್ತೇನೆ.

ಅನುವಾದದ ಮೇಜು

ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಈಗ ಜಾಗಗಳು. ಕಥೆಯಲ್ಲಿ ಒಂದೇ ಮನೆಯೊಳಗೆ ಡ್ರಾಯಿಂಗ್ ರೂಮ್, ಪಾರ್ಲರ್, ಡೆನ್ ಎಲ್ಲವೂ ಇವೆ. ಹೊರಗೆ ಪಬ್ಬಿನಲ್ಲಿ "ಲೌಂಜ್" ಮತ್ತು "ಸ್ನಗ್". ಕೊನೆಗೆ ಆಮಂತ್ರಣ ಪತ್ರಿಕೆಯೊಂದರಲ್ಲಿ "ಲೌಂಜ್ ಸೂಟ್" ಧರಿಸಿ ಬನ್ನಿ ಎಂದಿದೆ. ಇದನ್ನು ಮನೆಯ ಸಡಿಲ ಉಡುಪು ಎಂದು ತೆಗೆದುಕೊಳ್ಳಲೇ?

ಪದಬೇಟೆ

ಬೇಡ ಬೇಡ! ಲೌಂಜ್ ಸೂಟ್ ಎಂದರೆ ಕೋಟು, ಪ್ಯಾಂಟು, ಟೈ. ಕಚೇರಿಗೆ ಹಾಕಿಕೊಂಡು ಹೋಗುವ ಸೂಟ್. ಬಾಲದಂತೆ ಉದ್ದನೆಯ ಕೋಟು ಹಾಕಿಕೊಂಡು ಔತಣಕ್ಕೆ ಹೋಗುತ್ತಿದ್ದ ಕಾಲದಲ್ಲಿ ಈ ಗಿಡ್ಡ ಕೋಟೇ "ಆರಾಮದ" ಉಡುಪು, ಹಾಗಾಗಿ ಆ ಹೆಸರು. ಇಂದಿನ ಬ್ರಿಟಿಷ್ ಆಮಂತ್ರಣದಲ್ಲಿ ಈ ಮಾತಿದ್ದರೆ ಸಡಿಲ ಬಟ್ಟೆ ಹಾಕಿಕೊಂಡು ಹೋಗುವಂತಿಲ್ಲ. ನೀವು ಹೇಳುವ ಮನೆಯ ಉಡುಪಿಗೆ "ಲೌಂಜ್‌ವೇರ್" ಎನ್ನುತ್ತಾರೆ. ಒಂದೇ ಪದ ಮುಂದಿಟ್ಟುಕೊಂಡ ಎರಡು ಬಟ್ಟೆ, ಒಂದು ಸೋಫಾಕ್ಕೆ, ಇನ್ನೊಂದು ಸಭೆಗೆ.

ಮೆಟ್ಟಿಲ ಮೇಲೆ

ಲೌಂಜ್ ಎಂಬ ಕೋಣೆಯ ಕಥೆ ನನಗೆ ಬಿಡಿ.

ಬ್ರಿಟನ್ನಿನಲ್ಲಿ ಈ ಪದ ಆಡಿದವರ ಅಂತಸ್ತು ಬಯಲಾಗುತ್ತಿತ್ತು. ಭಾಷಾಶಾಸ್ತ್ರಜ್ಞ ಅಲನ್ ರಾಸ್ 1954ರಲ್ಲಿ ಹೆಲ್ಸಿಂಕಿಯ ಪತ್ರಿಕೆಯೊಂದರಲ್ಲಿ ಒಂದು ಲೇಖನ ಬರೆದು, ಮೇಲ್ವರ್ಗದವರ ಮಾತಿಗೆ "ಯು" ಎಂದೂ ಉಳಿದವರದ್ದಕ್ಕೆ "ನಾನ್–ಯು" ಎಂದೂ ಹೆಸರಿಟ್ಟರು. ಮನೆಯ ಕೋಣೆಗೆ ಲೌಂಜ್ ಎನ್ನುವುದು ನಾನ್–ಯು. ಹೋಟೆಲಿನ ಲೌಂಜ್ ಎಂದರೆ ಅಡ್ಡಿಯಿಲ್ಲ, ಅದನ್ನು ಎಲ್ಲರೂ ಹಾಗೇ ಅನ್ನುತ್ತಾರೆ ಎಂದು ರಾಸ್ ಅವರೇ ಬರೆದಿದ್ದಾರೆ. ಮರುವರ್ಷ ಲೇಖಕಿ ನ್ಯಾನ್ಸಿ ಮಿಟ್‌ಫರ್ಡ್ ಇದನ್ನು ಜನಪ್ರಿಯ ಮಾಡಿದ ಮೇಲೆ, ತಮ್ಮ ಮನೆಯ ಕೋಣೆಯನ್ನು ಏನೆಂದು ಕರೆಯಬೇಕೆಂದು ಜನ ಚಿಂತೆಗೆ ಬಿದ್ದರು. ಸೋಫಾ ಎಂದರೆ ಮೇಲು, ಅದೇ ಆಸನವನ್ನು ಸೆಟ್ಟೀ ಎಂದರೆ ಕೀಳು ಎಂಬ ಎಣಿಕೆಯೂ ಹೀಗೇ ಬೆಳೆಯಿತು. ಇದು ನನಗೆ ನೋವಿನ ಸಂಗತಿ. ಕೆಲಸ ಮುಗಿಸಿ ಬಂದು ಕಾಲು ಚಾಚುವ ಜಾಗಕ್ಕೂ ಅಂಜಿಕೊಂಡು ಹೆಸರಿಡಬೇಕೇ?

ಪಬ್ಬಿನಲ್ಲಿ ಇದೇ ಮೆಟ್ಟಿಲು ತಿರುವುಮುರುವು. "ಪಬ್ಲಿಕ್ ಬಾರ್" ಬರಿನೆಲದ, ಗಟ್ಟಿ ಬೆಂಚಿನ, ದುಡಿಯುವವರ ಭಾಗ. "ಲೌಂಜ್ ಬಾರ್" ಕಾರ್ಪೆಟ್ ಹಾಸಿದ, ಮೆತ್ತನೆ ಕುರ್ಚಿಯ ಭಾಗ, ಅಲ್ಲಿ ಅದೇ ಪಾನೀಯಕ್ಕೆ ಸ್ವಲ್ಪ ಹೆಚ್ಚು ದುಡ್ಡು. "ಸ್ನಗ್" ಎಂದರೆ ನಾಲ್ಕಾರು ಜನ ಹಿಡಿಸುವ ಪುಟ್ಟ ಒಳಕೋಣೆ. ಬೇರೆಯವರ ಕಣ್ಣಿಗೆ ಬೀಳಲು ಇಷ್ಟವಿಲ್ಲದವರು ಅಲ್ಲಿ ಕೂರುತ್ತಿದ್ದರು. ಬಿಸಿಬಿಸಿ, ಇಕ್ಕಟ್ಟು, ಹಿತ ಈ ಮೂರೂ ಆ ಪದದಲ್ಲಿವೆ.

ವಿಮಾನ ನಿಲ್ದಾಣದ ಲೌಂಜಿಗೆ ಬನ್ನಿ. ಅಮೆರಿಕನ್ ಏರ್‌ಲೈನ್ಸ್ 1939ರಲ್ಲಿ ನ್ಯೂಯಾರ್ಕಿನ ಲಗಾರ್ಡಿಯಾದಲ್ಲಿ "ಅಡ್ಮಿರಲ್ಸ್ ಕ್ಲಬ್" ತೆರೆಯಿತು, ವಿಮಾನಯಾನ ಸಂಸ್ಥೆಯೊಂದರ ಮೊದಲ ಲೌಂಜ್ ಅದು. ಕಾಯುವುದು ಎಲ್ಲ ಪ್ರಯಾಣಿಕರಿಗೂ ಒಂದೇ, ಆದರೆ ಬಾಗಿಲಿನ ಒಳಗೆ ಕಾಯುವುದು ಒಂದು ಗೌರವವಾಯಿತು. ಆಸ್ಟ್ರೇಲಿಯಾದಲ್ಲಿ ಮಾತ್ರ ಲೌಂಜ್ ಎಂದರೆ ಸೋಫಾವೇ ಆಗಬಹುದು. "ಲೌಂಜ್ ಮೇಲೆ ಕೂತ" ಎಂದು ಓದಿದರೆ ಗಾಬರಿಯಾಗಬೇಡಿ.

ಹಳೇ ಪುಸ್ತಕದಂಗಡಿ

ಉಳಿದ ಕೋಣೆಗಳು ಬೇಗ ಹೇಳಿಬಿಡುತ್ತೇನೆ. ಡ್ರಾಯಿಂಗ್ ರೂಮಿಗೂ ಚಿತ್ರ ಬಿಡಿಸುವುದಕ್ಕೂ ಸಂಬಂಧವಿಲ್ಲ. ಅದು "ವಿತ್‌ಡ್ರಾಯಿಂಗ್ ರೂಮ್", ಊಟದ ನಂತರ ಹಿಂದೆ ಸರಿದು ಕೂರುವ ಕೋಣೆ. ಪಾರ್ಲರ್ ಫ್ರೆಂಚಿನ "ಪಾರ್ಲೆ"ಯಿಂದ, ಅಂದರೆ ಮಾತಾಡು. ಮಠಗಳಲ್ಲಿ ಹೊರಗಿನಿಂದ ಬಂದವರೊಂದಿಗೆ ಮಾತಾಡಲು ಬಿಟ್ಟ ಕೋಣೆ ಅದಾಗಿತ್ತು. ಡೆನ್ ಎಂದರೆ ಮೊದಲಿಗೆ ಪ್ರಾಣಿಯ ಗುಹೆ, ಈಗ ಮನೆಯೊಳಗೆ ಒಬ್ಬರು ತಮ್ಮ ಪಾಡಿಗೆ ಸೇರಿಕೊಳ್ಳುವ ಕೋಣೆ.

"ರೆಸ್ಟ್‌ರೂಮ್" ಬಗ್ಗೆ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಅನುವಾದಗಳಲ್ಲಿ "ವಿಶ್ರಾಂತಿ ಕೊಠಡಿ" ಎಂದು ಓದಿದ್ದೇನೆ. ಅಮೆರಿಕದಲ್ಲಿ ಅದು ಶೌಚಾಲಯ.

ಮತ್ತೆ "ಶೇಜ್ ಲಾಂಗ್". ಫ್ರೆಂಚಿನಲ್ಲಿ ಉದ್ದ ಕುರ್ಚಿ ಎಂದಷ್ಟೇ ಅರ್ಥ. ಇಂಗ್ಲಿಷಿನವರ ಕಣ್ಣಿಗೆ "ಲಾಂಗ್" ಪದದ ಅಕ್ಷರಗಳು ಲೌಂಜ್ ಆಗಿ ಕಂಡವು, ಅದರ ಮೇಲೆ ಹೇಗೂ ಲೌಂಜ್ ಮಾಡುತ್ತಾರಲ್ಲ! ಅಮೆರಿಕದಲ್ಲಿ "ಶೇಜ್ ಲೌಂಜ್" ಎಂದೇ ರೂಢಿಯಾಗಿ ನಿಘಂಟನ್ನೂ ಸೇರಿತು.

ಹೊಸಬ

ನಮ್ಮ ವಯಸ್ಸಿನವರು ಆಡುವ ಪದ ಯಾರೂ ಹೇಳ್ತಿಲ್ಲ. ಚಿಲ್, ಹ್ಯಾಂಗ್ ಔಟ್, ಇವಕ್ಕೆ ಹಳೆ ಕಥೆ ಇಲ್ವಾ?

ಗಡಿಯಾರದ ಮುಳ್ಳು

ಇದೆ. ಹ್ಯಾಂಗ್ ಔಟ್ ನಿಮ್ಮ ವಯಸ್ಸಿನದಲ್ಲ, ಡಿಕನ್ಸ್ ಕಾಲದ್ದು. 1836–37ರಲ್ಲಿ ಕಂತುಕಂತಾಗಿ ಬಂದ ಅವನ ಮೊದಲ ಕಾದಂಬರಿಯಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಕಥಾನಾಯಕ ಪಿಕ್‌ವಿಕ್‌ರನ್ನು "ಎಲ್ಲಿ ಹ್ಯಾಂಗ್ ಔಟ್ ಮಾಡ್ತೀರಿ" ಎಂದು ಕೇಳುತ್ತಾನೆ. ಆಗ ಅದಕ್ಕೆ ಎಲ್ಲಿ ಉಳಿದುಕೊಂಡಿದ್ದೀರಿ ಎಂಬ ಅರ್ಥ. ವಾಸದ ಪದ ಹೊತ್ತು ಕಳೆಯುವ ಪದವಾದದ್ದು ಆಮೇಲೆ.

"ಚಿಲ್ ಔಟ್" 1970ರ ದಶಕದ ಕೊನೆಯಿಂದ ಅಮೆರಿಕದ ಕಪ್ಪು ಸಮುದಾಯದ ಆಡುಮಾತಿನಿಂದ ಎಲ್ಲೆಡೆ ಹರಡಿತು. ಮೊದಲು ಸಿಟ್ಟಾದವನಿಗೆ ತಣ್ಣಗಾಗು ಎನ್ನುವುದು, ಆಮೇಲೆ ಸುಮ್ಮನೆ ಆರಾಮವಾಗಿರುವುದು. 1980ರ ದಶಕದ ಕೊನೆಯಲ್ಲಿ ಲಂಡನ್ನಿನ ನೃತ್ಯ ಕ್ಲಬ್ಬುಗಳು ಕುಣಿದು ಸುಸ್ತಾದವರಿಗೆ ಮಂದ ಬೆಳಕು, ಮೆಲ್ಲನೆಯ ಸಂಗೀತದ "ಚಿಲ್ ಔಟ್ ರೂಮ್" ಇಟ್ಟವು, ಅದರಿಂದ ಸಂಗೀತದ ಒಂದು ಬಗೆಯೇ ಬೆಳೆಯಿತು.

ಒಂದು ಎಚ್ಚರಿಕೆ: "ನೆಟ್‌ಫ್ಲಿಕ್ಸ್ ಅಂಡ್ ಚಿಲ್" ಎಂದರೆ ಸಿನಿಮಾ ನೋಡುತ್ತಾ ಆರಾಮವಾಗಿರುವುದು ಎಂದು ಈಗ ಯಾರೂ ತಿಳಿಯುವುದಿಲ್ಲ. 2010ರ ದಶಕದ ನಡುವಿನಿಂದ ಅದು ಪ್ರಣಯದ ಸಂಕೇತ. ಸಹೋದ್ಯೋಗಿಗಳಿಗೆ, ಮೇಷ್ಟ್ರಿಗೆ ಬರೆಯುವ ಮಾತಲ್ಲ.

ತಿಳಿಗೊಳ

"ಕೌಚ್ ಪೊಟೇಟೊ" ಬಿಟ್ಟಿರಲ್ಲ, ಸೋಫಾ ಬಿಟ್ಟೇಳದೆ ಟಿವಿ ನೋಡುತ್ತಾ ಕೂರುವವನು. 1970ರ ದಶಕದ ಕ್ಯಾಲಿಫೋರ್ನಿಯಾದ ಮಾತು, ವ್ಯಂಗ್ಯಚಿತ್ರಕಾರ ರಾಬರ್ಟ್ ಆರ್ಮ್‌ಸ್ಟ್ರಾಂಗ್ ಅದನ್ನು ಚಿತ್ರಗಳ ಮೂಲಕ ಹರಡಿದರು. 2005ರಲ್ಲಿ ಬ್ರಿಟನ್ನಿನ ಆಲೂಗಡ್ಡೆ ಮಂಡಳಿ ಇದಕ್ಕೆ ತಕರಾರು ತೆಗೆಯಿತು. ಈ ಪದದಿಂದ ಆಲೂಗಡ್ಡೆಗೆ ಕೆಟ್ಟ ಹೆಸರು, ಆಕ್ಸ್‌ಫರ್ಡ್ ನಿಘಂಟಿನಿಂದ ತೆಗೆಯಿರಿ, ಬದಲಿಗೆ "ಕೌಚ್ ಸ್ಲೌಚ್" ಎನ್ನಿ ಎಂಬುದು ಅವರ ಬೇಡಿಕೆ. ಸಂಸತ್ತಿನ ಹೊರಗೆ ಪ್ರದರ್ಶನವೂ ನಡೆಯಿತು. ಪದ ಉಳಿದುಕೊಂಡಿತು. ನಿಘಂಟು ಇರುವುದು ಜನ ಆಡುವುದನ್ನು ದಾಖಲಿಸಲು, ಅದು ಸರಿಯಾದ ನಿಲುವು.

ಪಾಠದ ಮನೆ

ನಾನು ಕಲಿಸುವ ಕೆಲಸದಲ್ಲಿರುವವಳು, ಆದ್ದರಿಂದ "ಲೀಷರ್" ಬಗ್ಗೆ ಹೇಳದೆ ಇರಲಾರೆ. ಲ್ಯಾಟಿನ್ "ಲಿಸೆರೆ"ಯಿಂದ ಫ್ರೆಂಚಿನ ಮೂಲಕ ಬಂದದ್ದು, ಅನುಮತಿ ಇರುವುದು ಎಂದು ಅರ್ಥ. "ಲೈಸೆನ್ಸ್" ಅದರದೇ ಒಡಹುಟ್ಟು. ಬಿಡುವು ಎಂದರೆ ನಿಮ್ಮನ್ನು ನಿಮ್ಮ ಪಾಡಿಗೆ ಬಿಟ್ಟ ಹೊತ್ತು. ನಮ್ಮ "ಬಿಡುವು" ಪದದಲ್ಲೂ ಬಿಡುವುದೇ ಇದೆ, ಅದನ್ನು ಗಮನಿಸಿದ ದಿನ ನನಗೆ ಬಹಳ ಸಂತೋಷವಾಗಿತ್ತು.

ಇನ್ನೂ ದೊಡ್ಡದು "ಸ್ಕೂಲ್". ಗ್ರೀಕಿನ "ಸ್ಖೋಲೆ" ಎಂದರೆ ಬಿಡುವು. ಹೊಟ್ಟೆಪಾಡಿನ ಕೆಲಸದಿಂದ ಬಿಡುವಿದ್ದವನು ಮಾತಿಗೆ, ವಾದಕ್ಕೆ, ಕಲಿಕೆಗೆ ಕೂರುತ್ತಿದ್ದ, ಕೊನೆಗೆ ಆ ಕೂರುವ ಜಾಗಕ್ಕೇ ಹೆಸರಾಯಿತು. ರೋಮನ್ನರಲ್ಲಿ ಇನ್ನೂ ಸ್ಪಷ್ಟ. "ಓಟಿಯಂ" ಬಿಡುವು, ವ್ಯವಹಾರಕ್ಕೆ "ನೆಗೋಟಿಯಂ", ಅಂದರೆ ಬಿಡುವಿಲ್ಲದ್ದು. ಅವರಿಗೆ ಮೂಲಪದ ಬಿಡುವು, ಕೆಲಸಕ್ಕೆ ಹೆಸರಿಡಲು ಅದರ ಹಿಂದೆ "ಇಲ್ಲ" ಸೇರಿಸಬೇಕಾಯಿತು. ನಾವು ಇಂದು "ನಿರುದ್ಯೋಗ" ಎನ್ನುವಾಗ ಲೆಕ್ಕ ಪೂರ್ತಿ ತಲೆಕೆಳಗಾಗಿದೆ. ಆದರೆ ಕಾನೂನಿನವರು ಹೇಳಿದ ಸೋಫಾದ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಗ್ರೀಸಿನಲ್ಲೂ ರೋಮಿನಲ್ಲೂ ಆ ಬಿಡುವಿನ ಹಿಂದೆ ದುಡಿಯುತ್ತಿದ್ದವರು ಗುಲಾಮರು.

ಮೆಟ್ಟಿಲ ಮೇಲೆ

ಕೆಲಸ ತಪ್ಪಿಸಿಕೊಳ್ಳುವ ಪದಗಳನ್ನು ಇವುಗಳ ಜೊತೆ ಬೆರೆಸಬೇಡಿ ಎಂದು ಒಂದು ಕೋರಿಕೆ. ಶರ್ಕ್, ಸ್ಕೈವ್, ಮಲಿಂಗರ್, ಇವು ಬಿಡುವಲ್ಲ, ಕಳ್ಳಬೀಳುವುದು. ಮಲಿಂಗರ್ ಎಂದರೆ ಕಾಯಿಲೆಯ ಸೋಗು ಹಾಕುವುದು. ಲಿಂಗರ್ ಜೊತೆ ಪ್ರಾಸವಾದರೂ ನೆಂಟಸ್ತನವಿಲ್ಲ. ಸ್ಕೈವ್ ಬ್ರಿಟಿಷರ ಮಾತು, ಕ್ಲಾಸಿಗೆ ಚಕ್ಕರ್ ಹೊಡೆಯುವುದಕ್ಕೆ ಸರಿಹೊಂದುತ್ತದೆ. "ಸ್ಲ್ಯಾಕರ್" ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಲ್ಲಿ ಸೈನ್ಯಕ್ಕೆ ಸೇರದೆ ತಪ್ಪಿಸಿಕೊಂಡವನಿಗೆ ಅಂಟಿದ ಕಟುವಾದ ಹೆಸರು. 1918ರಲ್ಲಿ ನ್ಯೂಯಾರ್ಕಿನಲ್ಲಿ ಅಂಥವರಿಗಾಗಿ ಬೀದಿಬೀದಿಯಲ್ಲಿ ಶೋಧ ನಡೆಯಿತು. ಇಂದು ಅದೇ ಪದ ಸೋಮಾರಿ ಹುಡುಗನಿಗೆ ಮನೆಯವರು ಆಡುವ ಮೆದುವಾದ ಬೈಗುಳ.

ಅನುವಾದದ ಮೇಜು

ಇಷ್ಟೆಲ್ಲ ಓದಿ ಒಂದು ಕರಡು ಮಾಡಿದ್ದೇನೆ, ನೋಡಿ ಹೇಳಿ.

ಯಜಮಾನ: "ಸೋಫಾದ ಮೇಲೆ ಮೈಚೆಲ್ಲಿ ಒರಗಿದ್ದ." ಮಗ: "ಕಿಟಕಿಗೆ ತಲೆ ವಾಲಿಸಿ, ಕೈ ಇಳಿಬಿಟ್ಟು ಕೂತಿದ್ದ." ಗೇಟಿನವನು: "ಒಬ್ಬ ಗೇಟಿನ ಬಳಿಯೇ ಠಳಾಯಿಸುತ್ತಿದ್ದ." ತಮ್ಮ: "ಇಡೀ ದಿನ ಉಂಡಾಡಿಯ ಹಾಗೆ ಬಿದ್ದಿರುತ್ತಿದ್ದ." ಅತಿಥಿ: "ಊಟ ಮುಗಿದು ಬಹಳ ಹೊತ್ತಾದರೂ ಅವಳಿಗೆ ಹೊರಡಲು ಕಾಲೇಳಲಿಲ್ಲ."

ಗೇಟಿನವನನ್ನು ನೋಡುತ್ತಿರುವುದು ಮನೆಯ ಕಾವಲುಗಾರ, ಅದಕ್ಕೇ ಠಳಾಯಿಸು ಆರಿಸಿದೆ. ಮುಂದಿನ ಪುಟದಲ್ಲಿ ಅದೇ ಮನುಷ್ಯನನ್ನು ಮನೆಯ ಮಗಳು ನೋಡುತ್ತಾಳೆ. ಅಲ್ಲಿ ಕಥೆಗಾರ "ವೇಟಿಂಗ್" ಎನ್ನುತ್ತಾನೆ.

ಕಲಮು ಮತ್ತು ಕಾನೂನು

ಅಲ್ಲಿ "ಕಾಯುತ್ತಿದ್ದ" ಎಂದು ನೇರವಾಗಿ ಹಾಕಿ ಮೇಡಂ, ಏನನ್ನೂ ಸೇರಿಸಬೇಡಿ. ಠಳಾಯಿಸು ಚೆನ್ನಾಗಿದೆ. "ಸುಳಿದಾಡು" ಎಂದಿದ್ದರೆ ನಡೆದಾಡಿದ ಹಾಗಾಗುತ್ತಿತ್ತು, ಇವನು ನಿಂತಲ್ಲೇ ಇದ್ದಾನೆ.

ಪದಬೇಟೆ

ಯಜಮಾನನಿಗೆ "ಮೈಚೆಲ್ಲಿ" ಬಿಟ್ಟರೆ ಒಳ್ಳೆಯದು, ಅದು ಸ್ಪ್ರಾಲ್‌ನತ್ತ ಹೋಗುತ್ತದೆ. "ಸೋಫಾಕ್ಕೆ ಒರಗಿ ಕಾಲು ಚಾಚಿದ್ದ" ಸಾಕು. ಉಳಿದದ್ದು ಕೈ ಹಚ್ಚುವ ಹಾಗಿಲ್ಲ.

ಹೊಸಬ

ಒಂದು ಕೊನೆ ಪ್ರಶ್ನೆ. ಬೈಗುಳವೂ ಅಲ್ಲದ, ಅಂತಸ್ತೂ ಇಲ್ಲದ ಒಂದಾದರೂ ಪದ ಇಂಗ್ಲಿಷಲ್ಲಿ ಇದ್ಯಾ, ಸುಮ್ನೆ ನಿಂತು ನೋಡೋನಿಗೆ?

ಹಳೇ ಪುಸ್ತಕದಂಗಡಿ

"ಗಾಂಗೂಜ್ಲರ್" ಇದೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿ ನಡೆಸುವವರ ಮಾತು. ದಡದಲ್ಲಿ ನಿಂತು, ದೋಣಿಗಳು ನೀರಿನ ಮಟ್ಟ ಏರಿಳಿಸುವ ಲಾಕ್ ಗೇಟು ದಾಟುವುದನ್ನು ಗಂಟೆಗಟ್ಟಲೆ ನೋಡುವವನಿಗೆ ಈ ಹೆಸರು. 1904ರಲ್ಲಿ ಅಚ್ಚಾದ ಕಾಲುವೆಗಳ ಕೈಪಿಡಿಯೊಂದರ ಪದಕೋಶದಲ್ಲೇ ಇದು ಸಿಗುತ್ತದೆ. ಆರಂಭದಲ್ಲಿ ದೋಣಿಯವರು ಸ್ವಲ್ಪ ತಾತ್ಸಾರದಿಂದಲೇ ಅಂದಿರಬೇಕು, ಈಗ ನೋಡುವವರೇ ತಮ್ಮನ್ನು ಹೀಗೆ ಖುಷಿಯಿಂದ ಕರೆದುಕೊಳ್ಳುತ್ತಾರೆ. ಕನ್ನಡಕ್ಕೆ ತರುವ ಸಂದರ್ಭ ಬಂದರೆ ಪದವನ್ನು ಹಾಗೇ ಇಟ್ಟು, ಮುಂದಿನ ವಾಕ್ಯದಲ್ಲಿ ಅವನು ಏನು ನೋಡುತ್ತಿದ್ದಾನೆ ಎಂದು ಬರೆಯಿರಿ, ಓದುಗರಿಗೆ ಅರ್ಥವಾಗುತ್ತದೆ.